ಸೋಡಾ ಬಾಟಲಿಯ ಬಲ

1926ರ ಮಾರ್ಚ್ 16. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಬರ್ನ್ ಎಂಬ ಊರಿನ ಹೊಲವೊಂದರಲ್ಲಿ ರಾಬರ್ಟ್ ಗಾಡರ್ಡ್ ಎಂಬ ಭೌತಶಾಸ್ತ್ರದ ಮೇಷ್ಟ್ರು ರಾಕೆಟ್ ಹಚ್ಚಿದರು. ಹೊಲ ಅವರ ಬಳಗದ ಎಫಿ ಅತ್ತೆಯದು. ಹೆಂಡತಿ ಎಸ್ತರ್ ಸಿನಿಮಾ ಕ್ಯಾಮೆರಾ ಹಿಡಿದು ನಿಂತಿದ್ದರು. ಅದಕ್ಕೆ ಒಮ್ಮೆ ಕೀಲಿ ಕೊಟ್ಟರೆ ಏಳೇ ಸೆಕೆಂಡು ಓಟ. ರಾಕೆಟ್ ನೆಲ ಬಿಡುವ ಹೊತ್ತಿಗೆ ಅದು ನಿಂತೇ ಹೋಗಿತ್ತು. ಹಾಗಾಗಿ ದ್ರವ ಇಂಧನ ಉರಿಸಿ ಹಾರಿದ ಜಗತ್ತಿನ ಮೊದಲ ರಾಕೆಟ್ಟಿನ ಹಾರಾಟಕ್ಕೆ ಚಿತ್ರಸಾಕ್ಷಿ ಇಲ್ಲ. ಹಾರಿದ್ದು ಎರಡೂವರೆ ಸೆಕೆಂಡು, ಏರಿದ್ದು ಹನ್ನೆರಡೂವರೆ ಮೀಟರು, ಬಿದ್ದದ್ದು ಎಲೆಕೋಸಿನ ತಾಕಿನಲ್ಲಿ.

ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ, ಗೋವಿನಜೋಳ ಕಟಾವಾಗಿ ಹೊಲ ಬಯಲಾದ ಮೇಲೆ, ನಮ್ಮ ಮನೆಯ ಹುಡುಗರು ಹಾರಿಸುವ ಎರಡು ಲೀಟರಿನ ಸೋಡಾ ಬಾಟಲಿ ಅದರ ಮೂರು ಪಟ್ಟು ಎತ್ತರಕ್ಕೆ ಹೋಗುತ್ತದೆ. ಇಂಧನ ಅಂದರೆ ಬೋರ್‌ವೆಲ್ಲಿನ ನೀರು ಮತ್ತು ಸೈಕಲ್ ಪಂಪಿನ ಗಾಳಿ. ಗಾಡರ್ಡ್ ಸಾಧನೆಯನ್ನು ಹಗುರ ಮಾಡಲು ಈ ಮಾತು ಹೇಳುತ್ತಿಲ್ಲ. ನಮ್ಮ ಕೈಗೆ ಎಂಥ ಪಾತ್ರೆ ಸಿಕ್ಕಿದೆ ಎಂಬುದನ್ನು ಹೇಳಬೇಕಿದೆ. ರಾಕೆಟ್ ಅಂದಕೂಡಲೇ ಎಲ್ಲರ ಕಣ್ಣೂ ಬೆಂಕಿಯ ಕಡೆಗೇ ಹೋಗುತ್ತದೆ. ನನ್ನ ಮಟ್ಟಿಗೆ ರಾಕೆಟ್ಟಿನ ಇತಿಹಾಸ ಎಂದರೆ ಬೆಂಕಿಯ ಇತಿಹಾಸಕ್ಕಿಂತ ಹೆಚ್ಚಾಗಿ ಕೊಳವೆಯ ಇತಿಹಾಸ. ಒಳಗಿನ ಒತ್ತಡವನ್ನು ಒಡೆಯದೆ ತಾಳುವ, ಆದರೂ ಭಾರವಾಗದ ಕೊಳವೆ ಯಾರಿಗೆ ದಕ್ಕಿತೋ ಅವರ ರಾಕೆಟ್ ಹಾರಿತು.

ಇದಕ್ಕೆ ಪುರಾವೆ ಬೇಕಾದರೆ ಹೊಸರಿತ್ತಿಯ ಪಕ್ಕದಲ್ಲಿ ಹರಿಯುವ ವರದಾ ನದಿಯ ಹಿಂದೆಯೇ ಮೇಲಕ್ಕೆ ಹೋಗಬಹುದು. ವರದೆ ಹುಟ್ಟುವುದು ಸಾಗರದ ಬಳಿಯ ವರದಾಮೂಲದಲ್ಲಿ, ಕೆಳದಿ ಅರಸರು ಆಳಿದ ಸೀಮೆಯಲ್ಲಿ. ಆ ಅರಸರ ಕೊನೆಯ ರಾಜಧಾನಿ ಬಿದನೂರು, ಈಗಿನ ಹೊಸನಗರ ತಾಲ್ಲೂಕಿನ ನಗರ. 1763ರಲ್ಲಿ ಮೈಸೂರಿನ ಹೈದರಾಲಿ ಅದನ್ನು ಹಿಡಿದ. 2018ರಲ್ಲಿ ಅಲ್ಲಿನ ಒಂದು ಹಳೆಯ ಬಾವಿಯ ಮಣ್ಣು ಮದ್ದಿನ ವಾಸನೆ ಹೊಡೆಯಿತೆಂದು ರಾಜ್ಯ ಪುರಾತತ್ವ ಇಲಾಖೆಯವರು ಅಗೆಸಿದರೆ, ಒಳಗೆ ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು! ಒಂದೊಂದೂ ಇಪ್ಪತ್ತಮೂರರಿಂದ ಇಪ್ಪತ್ತಾರು ಸೆಂಟಿಮೀಟರ್ ಉದ್ದದ ಕಬ್ಬಿಣದ ಕೊಳವೆ.

ಕಬ್ಬಿಣ ಎಂಬುದೇ ಇಲ್ಲಿ ಮುಖ್ಯ. ಆ ಕಾಲದಲ್ಲಿ ಯುರೋಪಿನವರಿಗೂ ರಾಕೆಟ್ ಗೊತ್ತಿತ್ತು, ಮದ್ದೂ ಗೊತ್ತಿತ್ತು. ಆದರೆ ಅವರದು ಹೆಚ್ಚಾಗಿ ಕಾಗದದ, ರಟ್ಟಿನ ಕೊಳವೆ. ಅದರೊಳಗೆ ಮದ್ದನ್ನು ಗಟ್ಟಿಯಾಗಿ ಜಡಿದರೆ ಕೊಳವೆಯೇ ಸೀಳುತ್ತದೆ. ಸಡಿಲವಾಗಿ ತುಂಬಿದರೆ ರಾಕೆಟ್ಟಿಗೆ ಕಸುವು ಸಾಲದು. ಮೈಸೂರಿನ ಕಮ್ಮಾರರ ಕಬ್ಬಿಣದ ಕೊಳವೆ ಹೆಚ್ಚಿನ ಒತ್ತಡ ತಾಳಿತು, ಹಾಗಾಗಿ ಕೆಲವು ರಾಕೆಟ್ಟುಗಳು ಎರಡು ಕಿಲೋಮೀಟರ್‌ವರೆಗೂ ಹೋದವು. 1780ರ ಸೆಪ್ಟೆಂಬರ್ 10ರಂದು ಕಾಂಚಿಯ ಬಳಿಯ ಪೊಲ್ಲಿಲೂರಿನಲ್ಲಿ ಮೈಸೂರಿನವರೆದುರು ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಲಿಯ ಪಡೆ ನೆಲಕಚ್ಚಿದಾಗ ಅವನ ಮದ್ದಿನ ಬಂಡಿಗಳು ಸಿಡಿದಿದ್ದವು, ರಾಕೆಟ್ ತಗುಲಿಯೇ ಎಂಬುದು ಹಲವರ ಅಭಿಪ್ರಾಯ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಆ ಕಾಳಗದ ಚಿತ್ರ ಇವತ್ತಿಗೂ ಇದೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಈ ಕೊಳವೆಗಳು ಹಡಗು ಹತ್ತಿ ಇಂಗ್ಲೆಂಡಿನ ವುಲ್ವಿಚ್ ಸೇರಿದವು. ಅಲ್ಲಿನ ವಿಲಿಯಂ ಕಾಂಗ್ರೀವ್ ಅವನ್ನು ನೋಡಿ ತನ್ನದೇ ಕಬ್ಬಿಣದ ರಾಕೆಟ್ ಮಾಡಿದ. 1807ರಲ್ಲಿ ಅವು ಕೋಪನ್‌ಹೇಗನ್ ನಗರದ ಮೇಲೆ ಸುರಿದವು. ಈ ಇಡೀ ಕಥೆಯನ್ನು ದಾಖಲೆ ಹಿಡಿದು ಬರೆದವರು ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ.

ಕಾಗದದ ಕೊಳವೆಗೆ ಮರ್ಯಾದೆ ಮರಳಿ ಬಂದದ್ದು 1950ರ ದಶಕದಲ್ಲಿ, ಅದೂ ಒಂದು ಚಪ್ಪಲಿ ಅಂಗಡಿಯಿಂದ. ನೆಬ್ರಾಸ್ಕಾದ ನಾರ್ಫೋಕ್ ಎಂಬ ಊರಿನ ಆರ್ವಿಲ್ ಕಾರ್ಲೈಲ್ ಬೂಟು ಮಾರುತ್ತಿದ್ದರು, ಪಟಾಕಿ ಅವರ ಹುಚ್ಚು. ಅವರ ಸೋದರ ರಾಬರ್ಟನಿಗೆ ಮಾದರಿ ವಿಮಾನಗಳ ಹುಚ್ಚು. ಎರಡು ಹುಚ್ಚು ಸೇರಿ 1954ರಲ್ಲಿ ಮೊದಲ ಮಾದರಿ ರಾಕೆಟ್ ಆಯಿತು: ರಟ್ಟಿನ ಮೈ, ಹಗುರ ಮರದ ರೆಕ್ಕೆ, ಮೊದಲೇ ತುಂಬಿ ಮುಚ್ಚಿದ ಬೆರಳುದ್ದದ ಮೋಟಾರು, ಇಳಿಯಲು ಪ್ಯಾರಾಚೂಟು. 1957ರಲ್ಲಿ ಸ್ಪುಟ್ನಿಕ್ ಏರಿದಾಗ ಅಮೆರಿಕದ ಹಲವು ಹುಡುಗರು ಗ್ಯಾರೇಜಿನಲ್ಲಿ ತಾವೇ ಮದ್ದು ಅರೆಯಲು ಹೋಗಿ ಬೆರಳು, ಕಣ್ಣು ಕಳೆದುಕೊಳ್ಳುತ್ತಿದ್ದರು. ಆಗ ಕಾರ್ಖಾನೆಯಲ್ಲಿ ತಯಾರಾಗತೊಡಗಿದ ಈ ಮೋಟಾರು ಎಷ್ಟೋ ಮಕ್ಕಳ ಕೈ ಉಳಿಸಿತು. ಅಲ್ಲಿನ ಕುಟುಂಬಗಳು ಭಾನುವಾರ ಬುತ್ತಿ ಕಟ್ಟಿಕೊಂಡು ಬಯಲಿಗೆ ಹೋಗಿ ರಾಕೆಟ್ ಹಾರಿಸುವುದು ಅಂದಿನಿಂದ ನಡೆದುಬಂದಿದೆ.

ನಮ್ಮಲ್ಲಿ ಆ ಮೋಟಾರು ಅಂಗಡಿಯಲ್ಲಿ ಕೊಳ್ಳುವ ವಸ್ತುವಲ್ಲ. 1884ರ ಸ್ಫೋಟಕ ಕಾಯ್ದೆ, 2008ರ ಸ್ಫೋಟಕ ನಿಯಮಗಳ ಪ್ರಕಾರ ಪರವಾನಗಿ ಇಲ್ಲದೆ ಮದ್ದು ಮಾಡುವಂತಿಲ್ಲ, ಕೂಡಿಡುವಂತಿಲ್ಲ. ಇದೇನು ಅಧಿಕಾರಶಾಹಿಯ ಕಿರಿಕಿರಿ ಎಂದು ಗೊಣಗುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. 2023ರ ಆಗಸ್ಟಿನಲ್ಲಿ ಹಾವೇರಿ ಪಕ್ಕದ ಆಲದಕಟ್ಟಿಯಲ್ಲಿ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಜೀವಗಳು ಹೋದವು. ಆ ಹೊಗೆ ಕಂಡ ಜಿಲ್ಲೆಯಲ್ಲಿ ಮಕ್ಕಳ ಕೈಗೆ ಮದ್ದು ಕೊಟ್ಟು ವಿಜ್ಞಾನ ಕಲಿಸುವ ಅಗತ್ಯವೇನೂ ಇಲ್ಲ. ದೀಪಾವಳಿಯ ಪಟಾಕಿ ಬಿಚ್ಚಿ ಮದ್ದು ಕೂಡಿಸುವ ಜಾಣರಿಗೂ ಇದೇ ಮಾತು.

ಹೀಗಾಗಿ ನೀರಿನ ರಾಕೆಟ್. ಅದರ ಜೀವಾಳ ಕಿರಾಣಿ ಅಂಗಡಿಯ ಮೂಲೆಯಲ್ಲಿ ಬಿದ್ದಿರುತ್ತದೆ.

ಎರಡು ಲೀಟರಿನ ಸೋಡಾ ಬಾಟಲಿಯನ್ನು ಒಮ್ಮೆ ತಿರುಗಿಸಿ ನೋಡಿ. ತಳಕ್ಕೆ ಐದು ಕಾಲು. ಸಪಾಟು ತಳವಿದ್ದರೆ ಒಳಗಿನ ಒತ್ತಡಕ್ಕೆ ಅದು ಉಬ್ಬಿ ಬಾಟಲಿ ನಿಲ್ಲುತ್ತಲೇ ಇರಲಿಲ್ಲ. ಗುಂಡು ತಳವೇ ಒತ್ತಡ ತಾಳಲು ಸರಿ, ಆದರೆ ಅದೂ ನಿಲ್ಲುವುದಿಲ್ಲ. ಐದು ಕಾಲಿನದು ಇವೆರಡರ ನಡುವಿನ ರಾಜಿ. ಗೋಡೆಯ ದಪ್ಪ ಒಂದು ಮಿಲಿಮೀಟರಿನ ಮೂರನೇ ಒಂದು ಪಾಲು ಇದ್ದೀತು, ಇಡೀ ಬಾಟಲಿಯ ತೂಕ 50 ಗ್ರಾಂ ಆಸುಪಾಸು. ಸೋಡಾ ತುಂಬುವ ಪ್ಲಾಸ್ಟಿಕ್ ಬಾಟಲಿಯನ್ನು ಕಂಡುಹಿಡಿದು 1973ರಲ್ಲಿ ಪೇಟೆಂಟ್ ಪಡೆದ ಡ್ಯೂಪಾಂಟ್ ಕಂಪನಿಯ ನಥಾನಿಯಲ್ ವೈಯತ್, ಖ್ಯಾತ ಚಿತ್ರಕಾರ ಆಂಡ್ರ್ಯೂ ವೈಯತ್ ಅವರ ಅಣ್ಣ. ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಉದ್ದಕ್ಕೂ ಅಡ್ಡಕ್ಕೂ ಎಳೆದು ಊದಿದರೆ ಅದರ ಅಣುಸರಪಳಿಗಳು ಎರಡೂ ದಿಕ್ಕಿಗೆ ಸಾಲುಗಟ್ಟುತ್ತವೆ, ಗೋಡೆ ಗಟ್ಟಿಯಾಗುತ್ತದೆ. ಬೇಸಿಗೆಯ ಬಿಸಿಲಿಗೆ ಕಾದ ಲಾರಿಯಲ್ಲೂ ಸೋಡಾ ಒಡೆದು ಹೊರಬರಬಾರದು ಎಂದು ಮಾಡಿದ ಏರ್ಪಾಡು ಇದು; ಹೊಸ ಬಾಟಲಿ ಸೀಳಲು ಸಾಮಾನ್ಯವಾಗಿ ಚದರ ಇಂಚಿಗೆ 100 ಪೌಂಡಿಗೂ ಮೀರಿದ ಗಾಳಿಯೊತ್ತಡ ಬೇಕು. ಕುಡಿಯುವ ನೀರಿನ ಬಾಟಲಿಗೆ ಈ ಶಕ್ತಿ ಇಲ್ಲ, ಅದನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ. ಅಂದ ಹಾಗೆ, 1967ರ ನವೆಂಬರಿನಲ್ಲಿ ಕೇರಳದ ತುಂಬಾದಿಂದ ಹಾರಿದ ಭಾರತದ್ದೇ ಮೊದಲ ರಾಕೆಟ್ ರೋಹಿಣಿ-75ರ ಅಡ್ಡಳತೆ 75 ಮಿಲಿಮೀಟರು. ನಮ್ಮ ಸೋಡಾ ಬಾಟಲಿ ಅದಕ್ಕಿಂತ ದಪ್ಪ!

ಉಡಾವಣೆಯ ಕಟ್ಟೆಗೆ ಪ್ಲಂಬಿಂಗ್ ಸಾಮಾನು ಸಾಕು. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಬಾಟಲಿ ಬಾಯಿಯ ಒಳ ಅಳತೆ ಇಪ್ಪತ್ತೊಂದೂಮುಕ್ಕಾಲು ಮಿಲಿಮೀಟರು. ಹೊಲಕ್ಕೆ ಹಾಕುವ ತೆಳು ಪಿವಿಸಿ ಪೈಪು 20 ಮಿಲಿಮೀಟರಿನದು, ಅದು ಗಡಗಡ ಅಲ್ಲಾಡುತ್ತದೆ. ಮನೆಯ ನಲ್ಲಿಗೆ ಹಾಕುವ ಬಿಳಿ ಅರ್ಧ ಇಂಚಿನ ಪೈಪಿನ ಹೊರ ಅಳತೆ 21.3, ಒಂದು ರಬ್ಬರ್ ರಿಂಗು ಏರಿಸಿದರೆ ಹೇಳಿ ಮಾಡಿಸಿದಂತೆ ಕೂರುತ್ತದೆ. ಪೈಪಿನ ಸುತ್ತ ಕೇಬಲ್ ಟೈಗಳನ್ನು ತಲೆ ಮೇಲಾಗುವಂತೆ ಕಟ್ಟಿದರೆ ಆ ತಲೆಗಳು ಬಾಟಲಿಯ ಕುತ್ತಿಗೆಯ ಉಂಗುರವನ್ನು ಕಚ್ಚಿ ಹಿಡಿಯುತ್ತವೆ. ಅವು ಬಿಚ್ಚದಂತೆ ಹೊರಗಿನಿಂದ ದೊಡ್ಡ ಪೈಪಿನ ತುಂಡೊಂದು ಬಳೆಯಾಗಿ ಕೂರುತ್ತದೆ. ಬಳೆಗೆ ಕಟ್ಟಿದ ಹಗ್ಗ ಎಳೆದರೆ ಹಿಡಿತ ಬಿಟ್ಟಿತು. ಪೈಪಿನ ಇನ್ನೊಂದು ತುದಿಗೆ ಹಳೆ ಟ್ಯೂಬಿನ ವಾಲ್ವು, ಅದಕ್ಕೆ ಮೀಟರ್ ಇರುವ ಪಂಪು. ಮೀಟರ್ ಇಲ್ಲದ ಪಂಪಿನಲ್ಲಿ ಗಾಳಿ ಹೊಡೆಯುವುದು ಕಣ್ಣು ಕಟ್ಟಿಕೊಂಡು ರಸ್ತೆ ದಾಟಿದ ಹಾಗೆ.

ಈಗ ಲೆಕ್ಕ. ಬಾಟಲಿಗೆ ಮೂರನೇ ಒಂದು ಭಾಗ ನೀರು, ಉಳಿದದ್ದಕ್ಕೆ 60 ಪೌಂಡು ಗಾಳಿ, ಅಂದರೆ ಕಾರಿನ ಟೈರಿನ ಸುಮಾರು ದುಪ್ಪಟ್ಟು. ಹಗ್ಗ ಎಳೆದ ಕ್ಷಣ ನೀರು ಸೆಕೆಂಡಿಗೆ ಸುಮಾರು 29 ಮೀಟರ್ ವೇಗದಲ್ಲಿ ಬಾಯಿಂದ ಹೊರಬೀಳುತ್ತದೆ. ಆ ಕ್ಷಣದ ನೂಕುಬಲ 30 ಕಿಲೋ ಭಾರ ಎತ್ತುವಷ್ಟು, ಬಾಟಲಿಯ ತೂಕವೋ ನೀರೂ ಸೇರಿ ಮುಕ್ಕಾಲು ಕಿಲೋ. ಹಾಗಾಗಿ ಅದು ನೆಲ ಬಿಡುವುದು ಗುರುತ್ವದ ಮೂವತ್ತೈದು ನಲವತ್ತು ಪಟ್ಟು ವೇಗೋತ್ಕರ್ಷದಲ್ಲಿ. ಬಾಹ್ಯಾಕಾಶಕ್ಕೆ ಹೋಗುವವರು ಉಡಾವಣೆಯಲ್ಲಿ ತಾಳಬೇಕಾದದ್ದು ಮೂರ್ನಾಲ್ಕು ಪಟ್ಟು ಮಾತ್ರ. ನೀರೆಲ್ಲ ಖಾಲಿಯಾಗಲು ಒಂದು ಸೆಕೆಂಡಿನ ಹತ್ತನೇ ಒಂದು ಪಾಲೂ ಬೇಡ. ರೆಪ್ಪೆ ಬಡಿದವರಿಗೆ ಉಡಾವಣೆ ಕಾಣುವುದೇ ಇಲ್ಲ. ಪಂಪಿನ ಪಕ್ಕದ ನೆಲ ಒದ್ದೆಯಾಗಿರುತ್ತದೆ, ಬಾಟಲಿ ಮುಗಿಲಲ್ಲಿರುತ್ತದೆ.

“ಬರೇ ನೀರಿಗೆ ಇಷ್ಟು ಕಸುವು ಎಲ್ಲಿಂದ ಬಂತೋ ತಮ್ಮಾ?” ಎಂದು ಬದುವಿನ ಮೇಲೆ ಕೂತು ನೋಡುತ್ತಿದ್ದ ಹಿರಿಯರೊಬ್ಬರು ಕೇಳಿದರು. “ಕಸುವು ನೀರಿಂದಲ್ಲ ಅಜ್ಜಾ, ಗಾಳೀದು” ಎಂದ ಹುಡುಗ. “ಹಂಗಾರ ನೀರ್ಯಾಕ ಬೇಕು? ಬರೇ ಗಾಳಿ ಹೊಡೀರಿ.”

ಅಜ್ಜನ ಪ್ರಶ್ನೆಯೇ ಈ ಅಧ್ಯಾಯದ ತಿರುಳು. ಬರೀ ಗಾಳಿ ತುಂಬಿ ಬಿಟ್ಟರೆ ಬಾಟಲಿ ಪುಸ್ಸೆಂದು ಸ್ವಲ್ಪ ಎತ್ತರಕ್ಕೆ ಹೋಗಿ ಸುಮ್ಮನಾಗುತ್ತದೆ. ರಾಕೆಟ್ ಮುಂದೆ ಹೋಗುವುದು ತನ್ನ ಮೈಯೊಳಗಿನ ವಸ್ತುವನ್ನು ಹಿಂದಕ್ಕೆ ಎಸೆದು. ಎಸೆದದ್ದರ ತೂಕ ಮತ್ತು ಎಸೆದ ವೇಗ, ಇವೆರಡರ ಗುಣಲಬ್ಧವೇ ರಾಕೆಟ್ಟಿಗೆ ಸಿಗುವ ನೂಕು. ಬಾಟಲಿಯೊಳಗಿನ ಗಾಳಿಯ ತೂಕ ಕೆಲವೇ ಗ್ರಾಂ, ಅದನ್ನು ಎಷ್ಟು ಜೋರಾಗಿ ಎಸೆದರೂ ಫಲ ಕಡಿಮೆ. ನೀರು ಭಾರ, ಗಾಳಿ ತನ್ನ ಶಕ್ತಿಯನ್ನು ನೀರಿಗೆ ಕೊಟ್ಟು ಅದನ್ನು ಎಸೆಯಿಸುತ್ತದೆ. ಹಾಗಂತ ಬಾಟಲಿ ತುಂಬ ನೀರು ಹಾಕಿದರೆ ಶಕ್ತಿ ಕೂಡಿಡಲು ಗಾಳಿಗೆ ಜಾಗವೇ ಇರುವುದಿಲ್ಲ, ಬಾಟಲಿ ಅರ್ಧ ನೀರು ಹೊಟ್ಟೆಯಲ್ಲಿಟ್ಟುಕೊಂಡೇ ಪಕ್ಕಕ್ಕೆ ಬೀಳುತ್ತದೆ. ಮೂರನೇ ಒಂದು ಭಾಗ ಎಂಬುದು ಈ ಎರಡು ಅತಿಗಳ ನಡುವಿನ ಹದ. ಮಕ್ಕಳಿಗೆ ಅದನ್ನು ಮೊದಲೇ ಹೇಳಿಬಿಡಬಾರದು. ಕಾಲು, ಮೂರನೇ ಒಂದು, ಅರ್ಧ ಎಂದು ಬಾಟಲಿಗೆ ಮಾರ್ಕರಿನಲ್ಲಿ ಗೆರೆ ಎಳೆದು ಅವರೇ ಹುಡುಕಲಿ.

ರಾಕೆಟ್ ನೆಲವನ್ನು ಅಥವಾ ಗಾಳಿಯನ್ನು ಒದ್ದು ಮೇಲೇಳುತ್ತದೆ ಎಂಬ ತಪ್ಪು ತಿಳಿವಳಿಕೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೂ ಇತ್ತು. ಗಾಳಿಯಿಲ್ಲದ ಕಡೆ ರಾಕೆಟ್ ಹೇಗೆ ಹೋದೀತು, ಈ ಮೇಷ್ಟ್ರಿಗೆ ಹೈಸ್ಕೂಲಿನ ಪಾಠವೂ ಬಾರದು ಎಂಬ ಅರ್ಥದಲ್ಲಿ ಅದು 1920ರ ಜನವರಿಯಲ್ಲಿ ಗಾಡರ್ಡ್ ಅವರನ್ನು ಗೇಲಿ ಮಾಡಿತು. ತಪ್ಪೊಪ್ಪಿದ್ದು 1969ರ ಜುಲೈ 17ರಂದು, ಅಪೊಲೊ-11 ಚಂದ್ರನ ದಾರಿ ಹಿಡಿದ ಮಾರನೇ ದಿನ. ಗಾಡರ್ಡ್ ತೀರಿಕೊಂಡು ಆಗಲೇ ಸುಮಾರು 24 ವರ್ಷ ಕಳೆದಿತ್ತು.

ಬಾಟಲಿ ಬಿದ್ದ ತಕ್ಷಣ ಓಡಿಹೋಗಿ ಹೆಕ್ಕುವ ಹುಡುಗರಿಗೆ ಒಂದು ಬಹುಮಾನ ಕಾದಿರುತ್ತದೆ. ಬಾಟಲಿಯೊಳಗೆ ಬೆಳ್ಳಗೆ ಮಂಜು. ಹೊಗೆಯಲ್ಲ, ಬಾಯಿಗೆ ಮೂಗಿಟ್ಟರೆ ವಾಸನೆಯಿಲ್ಲ. ನೋಡುತ್ತಿದ್ದಂತೆ ಕರಗಿ ಹೋಗುತ್ತದೆ. ಪಂಪ್ ಹೊಡೆಯುವಾಗ ಅದರ ಬುಡ ಬಿಸಿಯಾದದ್ದು ಕೈಗೆ ಗೊತ್ತಾಗಿರುತ್ತದೆ. ಅದುಮಿದ ಗಾಳಿ ಕಾಯುತ್ತದೆ. ಅದೇ ಗಾಳಿ ಒಮ್ಮೆಲೇ ಹಿಗ್ಗಿದರೆ ತಣ್ಣಗಾಗಬೇಕು. ನೀರನ್ನು ಹೊರದೂಡುವಷ್ಟರಲ್ಲೇ, ಬರೀ ಲೆಕ್ಕದ ಪ್ರಕಾರ, ಗಾಳಿಯ ಉಷ್ಣತೆ ಶೂನ್ಯ ಡಿಗ್ರಿಗಿಂತ ಕೆಳಗಿಳಿಯಬೇಕು. ಆ ಥಂಡಿಗೆ ಒಳಗಿನ ನೀರಾವಿ ಸಣ್ಣ ಹನಿಗಳಾಗಿ ಮಂಜಾಗುತ್ತದೆ. ಹನಿಗಟ್ಟುವಾಗ ಆವಿ ಶಾಖ ಬಿಡುವುದರಿಂದ ನಿಜವಾಗಿ ಅಷ್ಟೊಂದು ತಂಪಾಗದು, ಆದರೂ ಮಂಜು ಕಟ್ಟಲು ಸಾಕು. ಜೂನ್ ತಿಂಗಳಲ್ಲಿ ಅರಬ್ಬಿ ಸಮುದ್ರದ ಒದ್ದೆ ಗಾಳಿ ಪಶ್ಚಿಮಘಟ್ಟಕ್ಕೆ ಬಡಿದು ಮೇಲೇರುತ್ತ ಹಿಗ್ಗಿ, ತಣಿದು ಮೋಡವಾಗುವುದು ಇದೇ ನಿಯಮದಿಂದ. ವರದೆ ತುಂಬಿ ಬರುವುದು ಆ ಮೋಡದ ನೀರಿನಿಂದಲೇ. ರಾಕೆಟ್ ನೋಡಲು ಬಂದ ಮಕ್ಕಳಿಗೆ ಮೋಡದ ಪಾಠ ಸಿಗುವುದು ಪುಕ್ಕಟೆ.

ಬಾಟಲಿಗೆ ರೆಕ್ಕೆ ಅಂಟಿಸದೆ ಬಿಟ್ಟರೆ ಅದು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ನೀರು ಖಾಲಿಯಾದ ಮೇಲೆ ಅದಕ್ಕೆ ಹಿಂದು ಮುಂದಿನ ಪರಿವೆ ಇಲ್ಲ. ತೂಕದ ನಡುಬಿಂದು ಮುಂದಿರಬೇಕು, ಗಾಳಿಯ ತಳ್ಳಾಟದ ನಡುಬಿಂದು ಅದಕ್ಕಿಂತ ಹಿಂದಿರಬೇಕು. ಆಗ ಮೂತಿ ಓರೆಯಾದ ಕೂಡಲೇ ಗಾಳಿಯೇ ಬಾಲ ಹಿಡಿದು ನೇರ ಮಾಡುತ್ತದೆ. ಮೈಸೂರಿನ ರಾಕೆಟ್ಟಿಗೆ ಉದ್ದನೆಯ ಬಿದಿರಿನ ಕೋಲು ಕಟ್ಟುತ್ತಿದ್ದದ್ದು ಇದಕ್ಕೇ. ನಾವು ಹಳೆ ಫೈಲಿನ ಪ್ಲಾಸ್ಟಿಕ್ ರಟ್ಟು ಕತ್ತರಿಸಿ ಬಾಯಿಯ ಕಡೆಗೆ ಮೂರು ರೆಕ್ಕೆ ಅಂಟಿಸುತ್ತೇವೆ. ಮೂತಿಗೆ ಭಾರ ಎರೆಮಣ್ಣಿನದು. ಮಣ್ಣೆತ್ತಿನ ಅಮಾಸೆಗೆ ಎತ್ತು ಮಾಡಿ ಪಳಗಿದ ಕೈಗಳಿಗೆ ಬಾಟಲಿ ತುದಿಗೆ ಮಣ್ಣು ಮೆತ್ತುವುದು ಯಾವ ಲೆಕ್ಕ? ಅದರ ಮೇಲೆ ಅರ್ಧ ಕತ್ತರಿಸಿದ ರಬ್ಬರ್ ಚೆಂಡು, ಯಾರ ತಲೆಯ ಮೇಲೆ ಬಿದ್ದರೂ ಚುಚ್ಚದಿರಲಿ ಎಂದು. ಪರೀಕ್ಷೆಯೂ ಸುಲಭ: ಖಾಲಿ ರಾಕೆಟ್ಟನ್ನು ಅದರ ಸಮತೂಕದ ಜಾಗದಲ್ಲಿ ದಾರ ಕಟ್ಟಿ ತಲೆಯ ಸುತ್ತ ಬೀಸಬೇಕು. ಮೂತಿ ಮುಂದಾಗಿ ಸುತ್ತಿದರೆ ಹಾರಲು ಯೋಗ್ಯ, ಅಡ್ಡಾದಿಡ್ಡಿಯಾದರೆ ಇನ್ನಷ್ಟು ಮಣ್ಣು.

ಮಣ್ಣು ಹೆಚ್ಚಾದರೆ ಎತ್ತರ ಕಡಿಮೆಯಾಗಬೇಕಲ್ಲವೇ? ಒಂದು ಮಟ್ಟದವರೆಗೆ ಉಲ್ಟಾ. 60 ಗ್ರಾಮಿನ ಬಾಟಲಿಗಿಂತ 150 ಗ್ರಾಮಿನದು ಮೇಲೆ ಹೋಗುತ್ತದೆ. ಹಗುರ ಬಾಟಲಿ ಚಿಮ್ಮುವುದೇನೋ ಹೆಚ್ಚು ವೇಗದಲ್ಲಿ, ಆದರೆ ಗಾಳಿಯ ತಡೆಗೆ ಬೇಗ ಸೋಲುತ್ತದೆ.

ಎಚ್ಚರಿಕೆಯ ಮಾತು ಚುಟುಕಾಗಿ ಹೇಳುತ್ತೇನೆ, ಆದರೆ ಸಡಿಲವಾಗಿಯಲ್ಲ. 60 ಪೌಂಡು ಮೀರಬಾರದು. ಗೀರು ಬಿದ್ದ, ಬಿಸಿಲಿಗೆ ಬಿದ್ದು ಮಬ್ಬಾದ ಬಾಟಲಿ ಗುಜರಿಗೆ. ಗಾಳಿ ತುಂಬಿದ ಬಾಟಲಿಯ ಮೇಲೆ ಯಾರೂ ಬಗ್ಗಿ ನೋಡಬಾರದು. ಹಗ್ಗ ಹತ್ತು ಮೀಟರಾದರೂ ಉದ್ದವಿರಲಿ, ಪಂಪಿನ ಪೈಪೂ ಉದ್ದವಿರಲಿ, ಪಂಪ್ ಹೊಡೆಯುವವರು ದೊಡ್ಡವರಾಗಿರಲಿ, ಕಣ್ಣಿಗೆ ಕನ್ನಡಕ ಇರಲಿ. ಕರೆಂಟಿನ ತಂತಿಯ ಹತ್ತಿರ ಬೇಡ, ದನ ಮೇಯುವಲ್ಲಿ ಬೇಡ. ಜನವರಿ ಫೆಬ್ರವರಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಗಲು ಹರವಿದ ಕಣದ ಹತ್ತಿರವಂತೂ ಬೇಡವೇ ಬೇಡ. ಒಣಗುವ ಕಾಯಿಗೆ ನೀರು ಸಿಡಿಸಿದವರಿಗೆ ನ್ಯೂಟನ್ನನ ಮೂರನೇ ನಿಯಮವನ್ನು ರೈತರು ಬೇರೆ ರೀತಿ ಕಲಿಸುತ್ತಾರೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಅಂಚೂ ಇದಕ್ಕೆ ಜಾಗವಲ್ಲ. ಬೆಳಗಿನ ಹೊತ್ತು ಗಾಳಿ ಕಡಿಮೆ, ಆಗ ಹಾರಿಸಿದ ಬಾಟಲಿ ಅಕ್ಕಪಕ್ಕದವರ ಹೊಲ ಸೇರುವುದಿಲ್ಲ.

ಎಷ್ಟು ಎತ್ತರ ಹೋಯಿತು ಎಂಬ ಜಗಳ ಮಾತ್ರ ದಿನವೂ ಇದ್ದದ್ದೇ. ಅದಕ್ಕೆ ಎರಡು ದಾರಿ. ಕೋನಮಾಪಕಕ್ಕೆ ದಾರದಲ್ಲಿ ಕಲ್ಲು ಇಳಿಬಿಟ್ಟು, ಕಟ್ಟೆಯಿಂದ 50 ಮೀಟರ್ ದೂರ ನಿಂತು, ಬಾಟಲಿ ತುದಿ ಮುಟ್ಟಿದಾಗ ಕೋನ ಓದುವುದು ಒಂದು. 45 ಡಿಗ್ರಿ ಬಂದರೆ ಎತ್ತರವೂ 50 ಮೀಟರು, ನೋಡುವವರ ಕಣ್ಣಿನ ಎತ್ತರ ಕೂಡಿಸಿಕೊಳ್ಳಬೇಕು. ಇನ್ನೊಂದು ಮೊಬೈಲಿನ ಸ್ಟಾಪ್‌ವಾಚ್. ಹಗ್ಗ ಎಳೆದಾಗಿನಿಂದ ನೆಲ ಮುಟ್ಟುವವರೆಗಿನ ಸೆಕೆಂಡುಗಳನ್ನು ಅದರಿಂದಲೇ ಗುಣಿಸಿ, ಮತ್ತೆ 1.23ರಿಂದ ಗುಣಿಸಿದರೆ ಮೀಟರಿನಲ್ಲಿ ಎತ್ತರ. ಐದೂವರೆ ಸೆಕೆಂಡಾದರೆ ಸುಮಾರು 37 ಮೀಟರು.

ಈ ಸೂತ್ರ ಗಾಳಿಯ ತಡೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಹಾಗಾಗಿ ಸುಳ್ಳು ಹೇಳಬೇಕು ಎಂದು ಹೈಸ್ಕೂಲಿನ ಹುಡುಗರು ತಕರಾರು ತೆಗೆಯುತ್ತಾರೆ. ತಕರಾರು ನ್ಯಾಯವಾದದ್ದೇ. ಆದರೆ ಲೆಕ್ಕ ಬಿಡಿಸಿ ನೋಡಿದರೆ ಸೋಜಿಗ ಕಾಣುತ್ತದೆ. ಗಾಳಿಯ ತಡೆಯಿದ್ದಾಗ ಅಷ್ಟೇ ಎತ್ತರಕ್ಕೆ ಏರಲು ಹಿಡಿಯುವ ಹೊತ್ತು ಕಡಿಮೆಯಾಗುತ್ತದೆ, ಇಳಿಯಲು ಹಿಡಿಯುವ ಹೊತ್ತು ಹೆಚ್ಚುತ್ತದೆ. ಒಂದು ಕಡೆಯ ನಷ್ಟ ಇನ್ನೊಂದು ಕಡೆಯ ಲಾಭಕ್ಕೆ ಹೆಚ್ಚುಕಡಿಮೆ ಸರಿಹೋಗಿ, ಒಟ್ಟು ಹೊತ್ತಿನಲ್ಲಿ ಶೇಕಡಾ ಒಂದರಷ್ಟೂ ವ್ಯತ್ಯಾಸ ಉಳಿಯುವುದಿಲ್ಲ. ಆದರೆ ಒಂದು ಷರತ್ತಿದೆ: ಬಾಟಲಿ ಮೂತಿ ಕೆಳಗಾಗಿ ನೆಟ್ಟಗೆ ಇಳಿಯಬೇಕು. ರೆಕ್ಕೆ ಕಿತ್ತು ಪಲ್ಟಿ ಹೊಡೆಯುತ್ತ ಇಳಿದರೆ ತಡೆ ಹೆಚ್ಚಾಗಿ ಅದು ತೇಲುತ್ತ ತಡವಾಗಿ ಬರುತ್ತದೆ, ಸ್ಟಾಪ್‌ವಾಚ್ ಇಲ್ಲದ ಎತ್ತರವನ್ನು ಕಟ್ಟಿಕೊಡುತ್ತದೆ. ರೆಕ್ಕೆ ಮುರಿದವರೇ ಸ್ಟಾಪ್‌ವಾಚಿನ ಪರ ವಾದಿಸುವುದು ಯಾಕೆಂದು ಈಗ ಗೊತ್ತಾಗಿರಬೇಕು. ಅಂಥ ಹೊತ್ತಿನಲ್ಲಿ ಕೋನಮಾಪಕ ಹಿಡಿದವರ ಮಾತೇ ಕೊನೆ ಎಂದು ನಮ್ಮ ಹೊಲದಲ್ಲಿ ಕಟ್ಟಳೆ ಮಾಡಿಕೊಂಡಿದ್ದೇವೆ.